ಕೂಸು ಯಾರ ಮುಖ ನೋಡಿತು

ಆ ಚಳಿಗಾಲ ನಮ್ಮ ಮನೆಯಲ್ಲಿ ಒಲೆಗಿಂತ ಹೆಚ್ಚು ಉರಿದದ್ದು ಹೆಂಗಸರ ಹೊಟ್ಟೆ. ನನ್ನದನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಕಾರಣ ಯಾರೆಂದರೆ, ಇನ್ನೂ ತನ್ನ ಮೂಗನ್ನು ತಾನು ಒರೆಸಿಕೊಳ್ಳಲು ಬಾರದ ಒಂದು ಕೂಸು, ರೂಜಾ.

ಪೆರ್ನಿಕ್ ಪಟ್ಟಣದಾಚೆಯ ಹಳ್ಳಿಯಲ್ಲಿ ನಮ್ಮದು ಮೂರಂತಸ್ತಿನ ಮನೆ. ಕೆಳಗೆ ನಾನು, ದೊನ್ಕಾ, ಮದುವೆಯಾಗದೆ ಉಳಿದವಳು. ನಡುವೆ ನನ್ನ ತಮ್ಮ ಮೆತೊದಿ ಮತ್ತು ಅವನ ಹೆಂಡತಿ ರಾಯ್ನಾ. ಮೇಲೆ ಅವರ ಮಗ ಬೊಯಾನ್, ಸೊಸೆ ಬಿಸೇರಾ, ಅವರ ಕೂಸು. ಮಲಗುವುದು ಮೂರು ಕಡೆಯಾದರೂ ಉಣ್ಣುವುದು ರಾಯ್ನಾಳ ಅಡುಗೆಮನೆಯಲ್ಲಿ. ಹಾಗಾಗಿ ಜಗಳವೆಲ್ಲ ಅಲ್ಲೇ.

ಜಗಳ ಹೆಸರಿನಿಂದಲೇ ಶುರುವಾಯಿತು. ನಮ್ಮಲ್ಲಿ ಮೊದಲ ಹೆಣ್ಣು ಕೂಸಿಗೆ ಗಂಡನ ತಾಯಿಯ ಹೆಸರಿಡುವುದು ರೂಢಿ. ಬಿಸೇರಾ ಪೂರ್ತಿ ಹೆಸರು ಬಿಟ್ಟು ಮೊದಲಿನ 'ರ'ಕಾರವನ್ನಷ್ಟೇ ಉಳಿಸಿಕೊಂಡಳು. "ಕೋಳಿ ಕೇಳಿದ್ರೆ ಪುಕ್ಕ ಕೊಟ್ಲು" ಎಂದು ರಾಯ್ನಾ ಊರೆಲ್ಲ ಹೇಳಿಕೊಂಡು ಬಂದಳು. ಆದರೂ ಒಂದು ವರ್ಷ ಹೇಗೋ ನಡೆಯಿತು. ತಾಯಿ ಮನೆಯಲ್ಲಿದ್ದಳು, ಅಜ್ಜಿ ಶಾಲೆಯ ಅಡುಗೆಮನೆಯಲ್ಲಿ ಸೌಟು ಹಿಡಿದಿದ್ದಳು, ಅವರವರ ಜಾಗದಲ್ಲಿ ಅವರವರು.

ಕೂಸಿಗೆ ವರ್ಷ ತುಂಬಿದ ಮೇಲೆ ಬಿಸೇರಾ ಕೆಲಸಕ್ಕೆ ಮರಳಬೇಕಾಯಿತು. ರಾಜಧಾನಿ ಸೋಫಿಯಾದಲ್ಲಿ ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಅವಳ ಕೆಲಸ, ಹೋಗದಿದ್ದರೆ ಅವಳ ಕುರ್ಚಿಯಲ್ಲಿ ಇನ್ಯಾರೋ ಕೂರುತ್ತಿದ್ದರು. ಕೂಸಿಗೆ ಎರಡು ವರ್ಷವಾಗುವವರೆಗಿನ ರಜೆಯನ್ನು ತಾಯಿ ಬಿಟ್ಟುಕೊಟ್ಟರೆ ಅಜ್ಜಿ ತನ್ನ ಹೆಸರಿಗೆ ಬರೆಸಿಕೊಳ್ಳಬಹುದು ಎಂದು ನಮ್ಮ ದೇಶದಲ್ಲಿ ಕಾನೂನಿದೆ. ರಾಯ್ನಾ ಬರೆಸಿಕೊಂಡಳು. ಊರವರ ಬಾಯಲ್ಲಿ ಅದು ಹೆರಿಗೆ ರಜೆಯೇ. ಐವತ್ತೆಂಟರ ಹೆಂಗಸಿಗೆ ಹೆರಿಗೆ ರಜೆ ಕೊಟ್ಟರೆ, ತಾನೇ ಹೆತ್ತೆನೆಂದು ಅವಳಿಗೆ ಅನ್ನಿಸಿದ್ದರಲ್ಲಿ ತಪ್ಪೇನು?

ಬಿಸೇರಾ ಬೆಳಗಿನ ಕತ್ತಲಲ್ಲಿ ರೈಲು ಹತ್ತಿ ಸಂಜೆಯ ಕತ್ತಲಲ್ಲಿ ಇಳಿಯುತ್ತಿದ್ದಳು. ಅವಳು ಬೂಟು ಬಿಚ್ಚುವ ಮೊದಲೇ ರಾಯ್ನಾಳ ವರದಿ ಶುರುವಾಗುತ್ತಿತ್ತು.

"ಇವತ್ತು ಚಮಚ ಬೀಳಿಸೋದು ಕಲಿತ್ಲು. ಬೀಳಿಸ್ತಾಳೆ, ಬಗ್ಗಿ ನೋಡ್ತಾಳೆ, ನಾನು ಎತ್ತಿ ಕೊಡಬೇಕು. ಮತ್ತೆ ಬೀಳಿಸ್ತಾಳೆ. ನನ್ನ ಸೊಂಟ ಬಿದ್ದೇಹೋಯ್ತು."

"ಎತ್ತಿ ಕೊಡೋದ್ಯಾಕೆ ಅತ್ತೆ? ಅಭ್ಯಾಸ ಆಗತ್ತೆ."

"ನನ್ನ ಜೊತೆ ಆಟ ಆಡ್ತಾಳೆ ಕಣೇ. ಎತ್ತಿ ಕೊಡದೆ ಇರಕ್ಕಾಗತ್ತಾ?"

ಮೆತೊದಿ ಬಿಳಿ ಕಾಳಿನ ಸಾರಿಗೆ ಬ್ರೆಡ್ಡು ಅದ್ದುತ್ತ ಹೇಳಿದ. "ಆಟ ಅಲ್ಲ ಅದು. ನಿನ್ನೆ ಬಿದ್ದ ಚಮಚ ಇವತ್ತೂ ಬೀಳತ್ತಾ ಅಂತ ಪರೀಕ್ಷೆ ಮಾಡ್ತಾಳೆ. ನಾನೂ ದಿನಾ ಟೀವೀಲಿ ಅದನ್ನೇ ನೋಡೋದು, ಸರ್ಕಾರ ಇವತ್ತು ಬೀಳತ್ತಾ ಅಂತ."

ಬಿಸೇರಾ ನಗಲಿಲ್ಲ. ತಟ್ಟೆ ಬದಿಗೆ ಸರಿಸಿ, ಎತ್ತರದ ಕುರ್ಚಿಯಲ್ಲಿದ್ದ ಕೂಸಿನ ಕೈಗೆ ಚಮಚ ಕೊಟ್ಟು ಎದುರಿಗೆ ಕೂತಳು. ಕೂಸು ಚಮಚವನ್ನು ಚೀಪಿತು, ಕಣ್ಣುಜ್ಜಿಕೊಂಡಿತು, ಅಳಲು ಶುರುಮಾಡಿತು. ಚಮಚ ಬೀಳಲಿಲ್ಲ.

"ನನ್ನ ಜೊತೆ ಮಾತ್ರ ಆಡಲ್ಲ," ಎಂದಳು ಬಿಸೇರಾ.

"ನಿದ್ದೆ ಹೊತ್ತು ಕಣೇ, ಪಾಪ," ಎಂದಳು ರಾಯ್ನಾ. ಆ 'ಪಾಪ' ಕೂಸಿಗೋ ಸೊಸೆಗೋ ಅವಳೇ ಹೇಳಬೇಕು.

ಹೀಗೆ ಒಂದು ಚಮಚಕ್ಕೂ ಹೊಟ್ಟೆಕಿಚ್ಚು ಬಂತು. ಕೂಸು ಮಾಡುವುದಕ್ಕೆಲ್ಲ ಇವರು ಅರ್ಥ ಹಚ್ಚುತ್ತಿದ್ದರು. ಕೈ ಚಾಚಿದರೆ ನನ್ನನ್ನು ಕರೆಯಿತು, ಮುಖ ತಿರುಗಿಸಿದರೆ ನೀನು ಹೇಳಿಕೊಟ್ಟೆ. ಗೋಡೆಯ ಮೇಲಿನ ಬಿಸಿಲನ್ನು ಹಿಡಿಯಲು ಹೋಗಿ ಸಿಗದಿದ್ದಾಗ ಅದು ತನ್ನ ಖಾಲಿ ಅಂಗೈಯನ್ನೇ ತಿರುತಿರುಗಿಸಿ ನೋಡುತ್ತಿತ್ತು. ಆಗ ಅದಕ್ಕೆ ಅಜ್ಜಿಯೂ ಬೇಡ, ಅಮ್ಮನೂ ಬೇಡ. ಅದನ್ನು ಯಾರೂ ಗಮನಿಸುತ್ತಿರಲಿಲ್ಲ. ನಾನು ಗಮನಿಸುತ್ತಿದ್ದೆ, ಏಕೆಂದರೆ ನನಗೆ ಬೇರೆ ಕೆಲಸವಿರಲಿಲ್ಲ. ನನ್ನ ಮಡಿಲು ಬಸ್ ನಿಲ್ದಾಣದ ಬೆಂಚಿನಂತೆ. ರಾಯ್ನಾ ಒಲೆಗೆ ಸೌದೆ ಹಾಕುವಾಗ, ಬಿಸೇರಾ ಕೈ ತೊಳೆಯುವಾಗ ಕೂಸನ್ನು ಅಲ್ಲಿ ಕೂರಿಸುತ್ತಿದ್ದರು. ಅದರ ತಲೆಯ ವಾಸನೆ ಮೂಗಿಗೆ ಏರುವಷ್ಟರಲ್ಲಿ ಕಿತ್ತುಕೊಂಡು ಹೋಗುತ್ತಿದ್ದರು.

ಡಿಸೆಂಬರಿನ ಒಂದು ಶನಿವಾರ ಬಿಸೇರಾ ಇಡೀ ದಿನ ಕೂಸನ್ನು ಯಾರಿಗೂ ಕೊಡಲಿಲ್ಲ. ತಾನೇ ಮೀಯಿಸಿದಳು, ತಾನೇ ಉಣಿಸಿದಳು, ರಾಯ್ನಾ ಕುಂಬಳಕಾಯಿ ಬೇಯಿಸಿ ತಂದಾಗ "ಆಯ್ತು ಅತ್ತೆ, ಉಂಡಾಯ್ತು" ಎಂದು ಬಾಗಿಲಲ್ಲೇ ತಡೆದಳು. ಸಂಜೆ ಎಲ್ಲರೂ ಅಡುಗೆಮನೆಯಲ್ಲಿ ಕೂತಿದ್ದೆವು. ಕೂಸು ತಾಯಿಯ ತೊಡೆಯ ಮೇಲಿತ್ತು. ಕಣಿವೆಯ ಕೆಳಗೆ ಸೋಫಿಯಾದ ರೈಲು ಕೂಗಿತು.

ರೂಜಾ ತಾಯಿಯ ತೊಡೆಯಿಂದ ಜಾರಿದಳು. ಅಂಬೆಗಾಲಿಟ್ಟು ಕಿಟಕಿಯತ್ತ ಹೋದಳು, ಗೋಡೆ ಹಿಡಿದು ಎದ್ದಳು, ಮೂಗನ್ನು ಗಾಜಿಗೆ ಒತ್ತಿ ಗೇಟನ್ನೇ ನೋಡುತ್ತ ನಿಂತಳು.

"ಯಾರಿಗೆ ಕಾಯ್ತಿದಾಳೆ?" ಬಿಸೇರಾ ಕೇಳಿದಳು.

"ಇನ್ಯಾರಿಗೆ, ನಿನಗೇ," ಎಂದಳು ರಾಯ್ನಾ ದನಿಯಲ್ಲಿ ಜೇನು ಸುರಿಸುತ್ತ. "ರೈಲು ಕೂಗ್ತಲ್ಲ. ಅಮ್ಮ ಬರೋ ಹೊತ್ತು ಅಂತ ಅವಳಿಗೆ ಗೊತ್ತು."

"ನಾನು ಇಲ್ಲೇ ಇದೀನಲ್ಲ ಅತ್ತೆ."

"ಅದು ನಮಗೆ ಗೊತ್ತು. ಅವಳ ಲೆಕ್ಕದಲ್ಲಿ ಅಮ್ಮ ಅಂದ್ರೆ ಗೇಟಿಂದ ಬರೋಳು."

"ರೂಜಾ, ನೋಡು ಪುಟ್ಟಿ, ಇಲ್ಲಿದೀನಿ." ಕೂಸು ತಿರುಗಿ ತಾಯಿಯನ್ನು ನೋಡಿ ನಕ್ಕಿತು. ನಕ್ಕು, ಮತ್ತೆ ಕಿಟಕಿಗೆ ಮೂಗು ಒತ್ತಿ ಕಾಯತೊಡಗಿತು.

ಬಿಸೇರಾ ಎದ್ದಳು. ಮನೆಯ ಚಪ್ಪಲಿಯಲ್ಲೇ ಹಿಂಬಾಗಿಲಿನಿಂದ ಹೊರಗೆ ಹೋದಳು. ಏನು ಮಾಡುತ್ತಾಳೆಂದು ನಮಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಗೇಟು ಕಿರ್ರೆಂದಿತು. ಮನೆ ಸುತ್ತು ಹಾಕಿ, ಹಿಮ ತುಳಿದು, ಆಗ ತಾನೇ ಸೋಫಿಯಾದಿಂದ ಇಳಿದವಳಂತೆ ಅವಳು ಗೇಟಿನಿಂದ ಬರುತ್ತಿದ್ದಳು. ಕೂಸು ಗಾಜಿಗೆ ಎರಡೂ ಕೈ ಬಡಿದು ಕೇಕೆ ಹಾಕಿತು.

"ಅಯ್ಯೋ, ಈ ಚಳೀಲಿ ಎಂಥ ನಾಟಕ," ಎಂದಳು ರಾಯ್ನಾ. ಅವಳ ಮುಖ ಕಪ್ಪಿಟ್ಟಿತ್ತು. ಗಾಜಿಗೆ ಹಾಗೆ ಕೈ ಬಡಿಯುವುದು ಅವಳಿಗಾಗಿ ಒಂದು ದಿನವೂ ನಡೆದಿರಲಿಲ್ಲ, ಅವಳು ಎಲ್ಲಿಗೂ ಹೋಗುತ್ತಿರಲಿಲ್ಲವಲ್ಲ.

ಒಳಗೆ ಬಂದ ಬಿಸೇರಾ ಒದ್ದೆ ಕಾಲಲ್ಲೇ ಕೂಸನ್ನು ಎತ್ತಿಕೊಂಡು ಬೊಯಾನನಿಗೆ ಹೇಳಿದಳು. "ನನ್ನ ಮಗಳಿಗೆ ನಾನು ಸಂಜೆ ಬರೋ ನೆಂಟಳು. ಇದು ಮುಗೀಬೇಕು ಬೊಯಾನ್."

ಹೊಸ ವರ್ಷ ಕಳೆದ ವಾರ ಅವಳು ಊಟದ ಮೇಜಿನಲ್ಲಿ ಮಾತು ತೆಗೆದಳು. ಲ್ಯಾಬಿನ ಬೀದಿಯಲ್ಲೇ ಒಂದು ಶಿಶುವಿಹಾರ, ಫೆಬ್ರವರಿಯಿಂದ ರೂಜಾಗೆ ಜಾಗ ಸಿಕ್ಕಿದೆ, ತಿಂಗಳ ಕೊನೆಯ ಸೋಮವಾರದೊಳಗೆ ಹೂಂ ಅನ್ನಬೇಕು. ಜೊತೆಯ ಕೆಲಸದವಳ ಚಿಕ್ಕಮ್ಮ ಒಂದು ಕೋಣೆ ಬಾಡಿಗೆಗೆ ಕೊಡುತ್ತಾಳೆ. ಬೊಯಾನ್ ಉಕ್ಕಿನ ಕಾರ್ಖಾನೆಯ ಪಾಳಿಗೆ ಅಲ್ಲಿಂದಲೇ ಬಂದು ಹೋಗಬಹುದು.

ರಾಯ್ನಾ ಕೈಯಲ್ಲಿದ್ದ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. "ಕೂಸನ್ನ ಪರರ ಕೈಗೆ ಹಾಕ್ತೀಯ?"

"ಮಧ್ಯಾಹ್ನ ಊಟದ ಬಿಡುವಲ್ಲಿ ನಾನೇ ಹೋಗಿ ನೋಡ್ಬಹುದು ಅತ್ತೆ. ಸಂಜೆ ಬೇಗ ಸಿಗ್ತಾಳೆ."

"ನಾನು ಇಲ್ಲಿ ಯಾಕೆ ಕೂತಿದೀನಿ ಹಾಗಾದ್ರೆ? ಶಾಲೆ ಅಡುಗೆ ಬಿಟ್ಟು ಬಂದದ್ದು ಯಾಕೆ? ಬೊಯಾನ್, ನೀನಾದ್ರೂ ಬಾಯಿ ಬಿಡೋ."

ಅತ್ತ ದರಿ, ಇತ್ತ ಪುಲಿ. ಬೊಯಾನ್ ಬ್ರೆಡ್ಡಿನ ಮೆದುವನ್ನು ಉಂಡೆ ಮಾಡುತ್ತ ಕೂತ. "ಇಬ್ರು ಹೇಳೋದೂ ಸರಿ ಇದೆ ಅಮ್ಮ," ಎಂದ. ಇಬ್ಬರೂ ಅವನನ್ನು ಒಟ್ಟಿಗೆ ಗುರಾಯಿಸಿದರು. ಆ ತಿಂಗಳಲ್ಲಿ ಅತ್ತೆ ಸೊಸೆ ಒಟ್ಟಿಗೆ ಮಾಡಿದ ಕೆಲಸ ಅದೊಂದೇ.

"ಆ ಕೂಸು ನನ್ನ ಬಿಟ್ಟು ಒಂದು ದಿನಾನೂ ಇರಲ್ಲ," ಎಂದಳು ರಾಯ್ನಾ.

"ಹೆತ್ತವಳು ನಾನು."

"ಹೆತ್ತಿದ್ದೀಯ, ಇಲ್ಲ ಅಂದೋರ್ಯಾರು? ಬೆಕ್ಕೂ ಹೆರತ್ತೆ. ಭಯ ಆದಾಗ ಕೂಸು ಯಾರ ಹತ್ರ ಓಡತ್ತೋ ಅವಳು ತಾಯಿ."

ಬಿಸೇರಾಳ ಮುಖ ಬೆಳ್ಳಗಾಯಿತು. "ಸರಿ. ಸುರ್ವಾ ಬೆಳಿಗ್ಗೆ ಗಂಟೆಯವರು ಅಂಗಳಕ್ಕೆ ಬರ್ತಾರಲ್ಲ, ಆಗ ನೋಡೋಣ. ನಿಮ್ಮ ಹತ್ರ ಬಂದ್ರೆ ಸೋಫಿಯಾ ಮಾತು ನಾನು ಎತ್ತಲ್ಲ. ನನ್ನ ಹತ್ರ ಬಂದ್ರೆ ನೀವು ಅಡ್ಡ ಬರಬಾರ್ದು."

"ಆಗ್ಲಿ."

"ನಿಮ್ಮಿಬ್ರಿಗೂ ಬುದ್ಧಿ ನೆಟ್ಟಗಿದ್ಯಾ?" ಎಂದ ಮೆತೊದಿ. "ಅದು ಕೂಸು ಕಣ್ರೇ, ತಕ್ಕಡಿ ಅಲ್ಲ."

ಯಾರೂ ಅವನ ಮಾತು ಕೇಳಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ, ನಮ್ಮಲ್ಲಿ ಅತ್ತೆ ಸೊಸೆಯರೇ ಅದಕ್ಕೆ ಸಾಕಾದರು.

ಸುರ್ವಾ ಎಂದರೆ ನಮ್ಮ ಹಳೇ ಲೆಕ್ಕದ ಹೊಸ ವರ್ಷ, ಜನವರಿಯ ನಡುವೆ ಬರುತ್ತದೆ. ಊರ ಗಂಡಸರು ಆಡಿನ ತೊಗಲು ಹೊದ್ದು, ಕೋಡಿನ ಮುಖವಾಡ ಹಾಕಿ, ಸೊಂಟದ ಸುತ್ತ ಹಸುವಿಗೂ ಭಾರವಾಗುವ ಗಂಟೆಗಳನ್ನು ಕಟ್ಟಿಕೊಂಡು, ಕೆಟ್ಟದ್ದನ್ನು ಓಡಿಸುತ್ತ ಮನೆಮನೆಗೆ ಬರುತ್ತಾರೆ. ಆ ತಂಡದ ಯಜಮಾನ ಮೆತೊದಿ. ಆ ವರ್ಷ ನಮ್ಮ ಮನೆಯ ಮುಖವಾಡ ಹಾಕುವ ಸರದಿ ಬೊಯಾನನದು.

ಮುಖವಾಡ ಡಿಸೆಂಬರಿನಿಂದಲೇ ಅಡುಗೆಮನೆಯ ಮೊಳೆಯಲ್ಲಿ ನೇತಾಡುತ್ತಿತ್ತು. ರಾಯ್ನಾ ದಿನಾ ಬೆಳಿಗ್ಗೆ ಕೂಸನ್ನು ಎತ್ತಿ ಮುಖವಾಡದ ಗಡ್ಡ ಸವರಿಸುತ್ತಿದ್ದಳು. ಕೂಸು ಅದರ ಮೂಗಿನೊಳಗೆ ಬೆರಳು ತೂರಿಸುತ್ತಿತ್ತು, ಕೋಡಿಗೆ ಮುತ್ತು ಕೊಡುತ್ತಿತ್ತು. ಪಣ ಕಟ್ಟಿದ ಮೇಲೆ ರಾಯ್ನಾ ಸವರಿಸುವುದನ್ನು ನಿಲ್ಲಿಸಿದಳು. ಕೂಸು ಹೆದರದಿದ್ದರೆ ಪಣ ಕೆಡುತ್ತದಲ್ಲ. ಬಿಸೇರಾ ತನ್ನ ಕಡೆಯಿಂದ ಕೂಸನ್ನು ರಾತ್ರಿ ತನ್ನ ಹಾಸಿಗೆಗೆ ತಂದುಕೊಂಡಳು, ಲ್ಯಾಬಿಗೆ ಎರಡು ದಿನ ರಜೆ ಹಾಕಿದಳು, ಜೇಬಿನಲ್ಲಿ ಒಣದ್ರಾಕ್ಷಿ ಇಟ್ಟುಕೊಂಡು ಓಡಾಡಿದಳು. ರಾಯ್ನಾ ಏಪ್ರನ್ನಿನ ಜೇಬಿನಲ್ಲಿ ಜೇನಿನ ಬಿಸ್ಕತ್ತು ತುಂಬಿಕೊಂಡಳು. ಆ ಎರಡು ದಿನ ಕೂಸಿನ ಹೊಟ್ಟೆ ಕೆಟ್ಟಿತು. ಬಟ್ಟೆ ಒಗೆದವಳು ನಾನು.

"ಹೆದರಿಸಬೇಕಾ ದೊಡ್ಡತ್ತೆ ಅವಳನ್ನ?" ಎಂದು ಬೊಯಾನ್ ನನ್ನನ್ನು ಕೇಳಿದ. "ನಾನು ಒಂದು ಕೆಲಸ ಮಾಡ್ತೀನಿ. ಅವಳ ಕಣ್ಣೆದುರೇ ಮುಖವಾಡ ಹಾಕ್ಕೋತೀನಿ. ಒಳಗಿರೋದು ಅಪ್ಪ ಅಂತ ಗೊತ್ತಿರತ್ತಲ್ಲ, ಅಳೋದೇ ಇಲ್ಲ. ಜಗಳಾನೂ ಅಲ್ಲಿಗೇ ಮುಗೀತು."

ನನಗೂ ಅದು ಸರಿಯೆನಿಸಿತು. ದೊಡ್ಡವರ ತಲೆಗೆ ಹಾಗೆಯೇ ತೋಚುವುದು. ಮೊಳೆಯಲ್ಲಿರುವ ಮುಖವಾಡ ಗೊತ್ತು, ಅಪ್ಪ ಗೊತ್ತು, ಎರಡೂ ಸೇರಿದರೆ ಹೆದರುವುದೇನು ಎಂದು.

ಸುರ್ವಾ ಬೆಳಿಗ್ಗೆ ಬಿಸಿಲಿತ್ತು. ಜಗಲಿಯ ಮೇಲೆ ಹಳೇ ಉಣ್ಣೆಯ ಹಾಸು ಹಾಕಿ ರೂಜಾಳನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಕೂರಿಸಿದ್ದರು. ಅವಳ ಎಡಕ್ಕೆ ಬಾಗಿಲ ಬಳಿ ರಾಯ್ನಾ, ಬಲಕ್ಕೆ ಕಂಬದ ಬಳಿ ಬಿಸೇರಾ. ಇಬ್ಬರೂ ಸಮದೂರದಲ್ಲಿ ನಿಂತಿದ್ದರು, ಹಗ್ಗ ಹಿಡಿದು ಅಳೆಯುವುದೊಂದು ಬಾಕಿ. ನಾನು ಕೆಳಗೆ ಅಂಗಳದಲ್ಲಿ, ಬರುವವರಿಗೆ ಕೊಡಲು ರಕಿಯಾದ, ಅಂದರೆ ಹಣ್ಣಿನ ಸಾರಾಯಿಯ, ಲೋಟಗಳ ತಟ್ಟೆ ಹಿಡಿದು ಜಗಲಿಗೆ ಮುಖ ಮಾಡಿ ನಿಂತಿದ್ದೆ. ಮೂವರ ಮುಖವೂ ನನಗೆ ಒಟ್ಟಿಗೆ ಕಾಣುತ್ತಿತ್ತು. ಬೇಕೆಂದು ನಿಂತದ್ದಲ್ಲ, ತಟ್ಟೆ ಹಿಡಿಯುವವರು ಅಲ್ಲೇ ನಿಲ್ಲಬೇಕು.

ಗೇಟಿನಾಚೆ ತಂಡ ಕಾಯುತ್ತಿತ್ತು. ಬೊಯಾನ್ ಒಬ್ಬನೇ ಒಳಗೆ ಬಂದು ಮೆಟ್ಟಿಲ ಬುಡದಲ್ಲಿ ನಿಂತ. "ರೂಜಾ, ನೋಡು, ಅಪ್ಪ," ಎಂದ. ಕೂಸು ನಕ್ಕಿತು. ಅವನು ಮುಖವಾಡವನ್ನು ನಿಧಾನವಾಗಿ ತಲೆಗೆ ಇಳಿಸಿದ. ಹಣೆ ಮುಚ್ಚಿತು, ಕಣ್ಣು ಮುಚ್ಚಿತು, ಕೂಸು ಇನ್ನೂ ನಗುತ್ತಿತ್ತು. ಬಾಯಿ ಮುಚ್ಚಿತು. ಅವನು ಒಂದು ಸಲ ಸೊಂಟ ಕುಲುಕಿದ, ಗಂಟೆಗಳೆಲ್ಲ ಒಟ್ಟಿಗೆ ಗದರಿದವು.

ಕೂಸು ನಗು ನಿಲ್ಲಿಸಿತು. ಅದರ ಪಾಲಿಗೆ ಅಪ್ಪ ಇದ್ದ, ಈಗ ಇಲ್ಲ. ಅಪ್ಪನಿದ್ದ ಜಾಗದಲ್ಲಿ ಕೋಡು ಬಂದು ನಿಂತಿದೆ. ಅದು ಅಳಲಿ ಎಂದು ನಾವೆಲ್ಲ ಕಾದೆವು, ಆದರೆ ತಕ್ಷಣ ಅಳಲಿಲ್ಲ. ಮೊದಲು ತಲೆ ತಿರುಗಿಸಿತು. ಬಲಕ್ಕೆ ತಿರುಗಿಸಿ ತಾಯಿಯ ಮುಖ ನೋಡಿತು.

ಬಿಸೇರಾ ಎರಡೂ ಕೈ ಚಾಚಿದ್ದಳು. ಆದರೆ ಅವಳ ಕಣ್ಣು ಕೂಸಿನ ಮೇಲಿರಲಿಲ್ಲ. ಅವಳು ರಾಯ್ನಾಳ ಕೈಗಳನ್ನು ನೋಡುತ್ತಿದ್ದಳು. ರಾಯ್ನಾ ಎಷ್ಟು ಮುಂದೆ ಬಗ್ಗಿದ್ದಾಳೆ, ಜೇಬಿಗೆ ಕೈ ಹಾಕುತ್ತಾಳೋ ಏನೋ ಎಂದು, ಹಲ್ಲು ಕಚ್ಚಿ, ಹಾವು ನೋಡುವಂತೆ ನೋಡುತ್ತಿದ್ದಳು. ಕೂಸು ಆ ಮುಖವನ್ನು ನೋಡಿತು, ಕಾಯಿತು, ಇನ್ನೂ ಸ್ವಲ್ಪ ಕಾಯಿತು. ಆ ಮುಖ ತನ್ನತ್ತ ತಿರುಗಲಿಲ್ಲ. ಆಮೇಲೆ ಎಡಕ್ಕೆ ತಿರುಗಿತು. ರಾಯ್ನಾಳ ಕಣ್ಣು ಮೊದಲಿಂದಲೂ ಕೂಸಿನ ಮೇಲೇ ಇತ್ತು. ಕೂಸು ಚೀರಿಕೊಂಡು ಅತ್ತ ಅಂಬೆಗಾಲಿಟ್ಟಿತು.

"ಬಂದ್ಲಾ ಇಲ್ವಾ?" ಎಂದಳು ರಾಯ್ನಾ, ಚೀರುವ ಕೂಸಿನ ತಲೆಯ ಮೇಲಿಂದ ಸೊಸೆಗೆ. "ಎಲ್ರೂ ನೋಡಿದ್ರಲ್ಲ, ಬಂದ್ಲಾ ಇಲ್ವಾ?"

ಬೊಯಾನ್ ಗಾಬರಿಯಾಗಿ ಮುಖವಾಡ ಕಿತ್ತ. ಕೋಡಿನೊಳಗಿಂದ ಅಪ್ಪ ಹೊರಬಂದದ್ದನ್ನು ಕಂಡು ಕೂಸು ಇನ್ನೂ ಜೋರಾಗಿ ಅತ್ತಿತು. ಗೇಟಿನ ಬಳಿ ತಂಡದಲ್ಲಿ ಮದುವಣಗಿತ್ತಿಯ ವೇಷ ಹಾಕಿದ್ದ ಮೀಸೆಯವನು ಇಣುಕಿ, "ಇಲ್ಲಿ ಕೆಟ್ಟದ್ದನ್ನ ಓಡಿಸ್ಬೇಕಾ, ಬಿಟ್ಟು ಹೋಗ್ಬೇಕಾ?" ಎಂದು ಕೇಳಿದ. ಮೆತೊದಿ ಅವನ ಕೈಗೆ ಎರಡು ಲೋಟ ರಕಿಯಾ ಕೊಟ್ಟು ತಂಡವನ್ನು ಪಕ್ಕದ ಮನೆಗೆ ಕಳಿಸಿದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಿಸೇರಾ ಆಡಿದ ಮಾತಿಗೆ ನಿಂತಳು. ತಿಂಗಳ ಕೊನೆಯ ಸೋಮವಾರ ಆ ಜಾಗ ಬೇಡವೆಂದು ತಿಳಿಸುವುದಾಗಿ ಗಂಡನಿಗೆ ಹೇಳಿದಳು. ಆಮೇಲೆ ಅವಳು ಮನೆಯಲ್ಲಿ ಬಾಡಿಗೆದಾರಳಂತಾದಳು. ಸಂಜೆ ಬಂದು ಬೂಟು ಬಿಚ್ಚುತ್ತಿದ್ದಳು, ಉಣ್ಣುತ್ತಿದ್ದಳು, ತಟ್ಟೆ ತೊಳೆಯುತ್ತಿದ್ದಳು. ಕೂಸು ಕೈ ಚಾಚಿದರೆ, "ಹೋಗು, ಅಜ್ಜಿ ಹತ್ರ ಹೋಗು," ಎನ್ನುತ್ತಿದ್ದಳು. ರಾಯ್ನಾ ಗೆದ್ದ ಖುಷಿಯಲ್ಲಿ ದಿನಾ ಬಾನಿತ್ಸಾ ಬೇಯಿಸಿದಳು. ಚೀಸು ತುಂಬಿದ ಪದರಗಳನ್ನು ಸೊಸೆಯ ತಟ್ಟೆಗೆ ದೊಡ್ಡದಾಗಿ ಕತ್ತರಿಸಿ ಹಾಕುತ್ತಿದ್ದಳು, ಗೆದ್ದವರು ದಾನ ಮಾಡುವ ಹಾಗೆ. ಬಿಸೇರಾ ಅದನ್ನು ಅರ್ಧ ತಿಂದು ಬಿಡುತ್ತಿದ್ದಳು.

ನಾನು ಕಂಡದ್ದನ್ನು ನಾನು ಹೇಳಲಿಲ್ಲ. ಯಾಕೆ ಹೇಳಬೇಕು? ಬಾಯಿ ಮುಚ್ಚಿಕೊಂಡಿದ್ದರೆ ಕೂಸು ಇದೇ ಮನೆಯಲ್ಲಿರುತ್ತದೆ, ನನ್ನ ಬೆಂಚಿನ ಮೇಲೂ ಆಗಾಗ ಕೂರುತ್ತದೆ. ಸೋಫಿಯಾಕ್ಕೆ ಹೋದರೆ ನನಗೆ ಏನು ಸಿಗುತ್ತದೆ, ಹಬ್ಬಕ್ಕೊಂದು ಫೋಟೋ. ಇನ್ನೂ ಒಂದು ಮಾತು ಹೇಳಿಬಿಡುತ್ತೇನೆ, ನನಗೆ ಇಬ್ಬರ ಮೇಲೂ ಹೊಟ್ಟೆಕಿಚ್ಚಿತ್ತು. ಹೆದರಿಕೆಯಾದಾಗ ನನ್ನ ಮುಖ ನೋಡಿದವರು ಈ ಜನ್ಮದಲ್ಲಿ ಯಾರೂ ಇಲ್ಲ.

ಆದರೆ ಕೂಸು ನೋಡುವುದನ್ನು ಬಿಡಲಿಲ್ಲ. ಮೆತೊದಿ ಜೋರಾಗಿ ಸೀನಿದರೆ ಅದು ಬಿಸೇರಾಳತ್ತ ತಿರುಗುತ್ತಿತ್ತು. ಪಕ್ಕದವರ ಸೌದೆ ಕೊಯ್ಯುವ ಯಂತ್ರ ಶುರುವಾದರೆ ತಿರುಗುತ್ತಿತ್ತು. ಅವಳು ತಟ್ಟೆ ನೋಡುತ್ತ ಕೂತಿರುತ್ತಿದ್ದಳು. ಕೂಸು ಆ ಬಗ್ಗಿದ ತಲೆಯನ್ನು ಒಂದಿಷ್ಟು ಹೊತ್ತು ನೋಡಿ, ತಾನೂ ತಲೆ ಬಗ್ಗಿಸಿ ಮೇಜನ್ನು ನೋಡುತ್ತಿತ್ತು. ಅದನ್ನು ನೋಡಿದ ಮೇಲೆ ನನಗೆ ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ.

ಆ ಸೋಮವಾರದ ಹಿಂದಿನ ಭಾನುವಾರ ಬಿಸೇರಾ ನೆಲಮಾಳಿಗೆಗೆ ಬಂದಳು, ಪೀಪಾಯಿಯಿಂದ ಉಪ್ಪುನೀರಿನ ಎಲೆಕೋಸು ತೆಗೆಯಲು. ನೆಲಮಾಳಿಗೆ ನನ್ನ ಕೋಣೆಯ ಪಕ್ಕದಲ್ಲೇ. ನಾನು ಹಿಂದೆಯೇ ಹೋದೆ.

"ಅವಳು ಮೊದಲು ನಿನ್ನ ನೋಡಿದ್ಲು," ಎಂದೆ.

"ಯಾರು?"

"ಯಾರಂದ್ರೆ? ಗಂಟೆ ಬಾರಿಸಿದಾಗ ಮೊದಲು ನಿನ್ನ ಕಡೆ ತಿರುಗಿದ್ಲು. ಆಮೇಲೆ ರಾಯ್ನಾ ಕಡೆ."

"ಸಮಾಧಾನ ಮಾಡಕ್ಕೆ ಬರಬೇಡಿ ದೊಡ್ಡತ್ತೆ."

"ನಿನಗೆ ಸಮಾಧಾನ ಮಾಡಿ ನನಗೇನು ಬರಬೇಕಾಗಿದೆ? ನೀನು ಕೂಸು ಕರ್ಕೊಂಡು ಹೋದ್ರೆ ನಷ್ಟ ನನಗೇ. ಕೇಳು. ಇದಕ್ಕೆ ಹೆದರಬೇಕಾ ಬೇಡವಾ ಅಂತ ನಿನ್ನ ಮುಖ ನೋಡಿ ಕೇಳಿದ್ಲು. ನೀನು ಅಲ್ಲಿ ಇರಲಿಲ್ಲ."

"ಇದ್ದೆ. ಕಂಬದ ಹತ್ರಾನೇ ಇದ್ದೆ, ಕೈ ಚಾಚಿಕೊಂಡು."

"ಕಾಲು ಕಂಬದ ಹತ್ರ ಇತ್ತು. ಕಣ್ಣು ರಾಯ್ನಾ ಕೈ ಮೇಲಿತ್ತು."

ಬಿಸೇರಾ ಮೊಣಕೈವರೆಗೆ ಉಪ್ಪುನೀರಿನಲ್ಲಿ ಕೈಯಿಟ್ಟು ಹಾಗೇ ನಿಂತಳು. "ಕಾದಳಾ?" ಎಂದು ಕೇಳಿದಳು.

"ಕಾದಳು. ಈಗಲೂ ಕಾಯ್ತಿದಾಳೆ. ನೀನು ತಟ್ಟೆ ನೋಡ್ತಾ ಕೂತಿರ್ತೀಯ."

ಅವಳು ಅದೇ ಕೈಯಲ್ಲಿ ಕಣ್ಣೊರೆಸಿಕೊಂಡು ಇನ್ನಷ್ಟು ಉರಿಸಿಕೊಂಡಳು. ನಾನು ಅವಳ ಕೈಯಿಂದ ಎಲೆಕೋಸು ಇಸಿದುಕೊಂಡು ಮೇಲೆ ಹೋದೆ.

ಆ ಸಂಜೆ ಊಟಕ್ಕೆ ಎಲೆಕೋಸಿನಲ್ಲಿ ಸುತ್ತಿದ ಮಾಂಸವಿತ್ತು. ರಾಯ್ನಾ ಒಲೆಯ ಪಕ್ಕದ ಮಣೆಯ ಮೇಲೆ ಕೂತು ಬ್ರೆಡ್ಡಿನ ತುಂಡನ್ನು ಮೊಸರಲ್ಲಿ ಅದ್ದಿ ಕೂಸಿಗೆ ತೋರಿಸುತ್ತಿದ್ದಳು. ಕೂಸು ಈಚೆ ಕುರ್ಚಿಯ ಕಾಲು ಹಿಡಿದು ನಿಂತಿತ್ತು. ಕುರ್ಚಿಗೂ ಅಜ್ಜಿಗೂ ನಡುವೆ ಬರೀ ನೆಲ, ಹಿಡಿಯಲು ಏನೂ ಇಲ್ಲ. ಕೂಸು ಮೊಸರನ್ನು ನೋಡಿತು, ನೆಲವನ್ನು ನೋಡಿತು. ಆಮೇಲೆ ತಲೆ ತಿರುಗಿಸಿತು.

ಬಿಸೇರಾ ಕೂಸನ್ನೇ ನೋಡುತ್ತಿದ್ದಳು. ಮೇಜಿಗೆ ಕೂತಾಗಿನಿಂದ ತಟ್ಟೆಗೆ ಕೈ ಹಾಕಿರಲಿಲ್ಲ. ಅವಳು ತುಟಿ ಬಿಚ್ಚಲಿಲ್ಲ, ಕೈ ಚಾಚಲಿಲ್ಲ. ತಲೆಯನ್ನು ಅತ್ತಿತ್ತ ಮೆಲ್ಲಗೆ ಆಡಿಸಿದಳು, ನಮ್ಮಲ್ಲಿ ಹೂಂ ಅನ್ನುವುದು ಹಾಗೆ.

ಕೂಸು ಕುರ್ಚಿ ಬಿಟ್ಟಿತು. ಒಂದು ಹೆಜ್ಜೆ ಇಟ್ಟು ತೂರಾಡಿತು, ಮತ್ತೊಂದು ಇಟ್ಟಿತು, ಉಳಿದದ್ದನ್ನು ಓಡಿಯೇ ಮುಗಿಸಿ ರಾಯ್ನಾಳ ಮಡಿಲಿಗೆ ಬಿತ್ತು.

"ನಡೆದ್ಲು! ನೋಡಿದ್ರಾ? ಮೊದಲ ಹೆಜ್ಜೆ ನನ್ನ ಹತ್ರಾನೇ," ಎಂದಳು ರಾಯ್ನಾ, ಕೂಸನ್ನು ಎತ್ತಿ ಕುಣಿಸುತ್ತ. "ಬಿಸೇರಾ, ನೋಡಿದ್ಯಾ ಇಲ್ವಾ?"

ಬೊಯಾನ್ ಹೆಂಡತಿಯ ಮುಖ ನೋಡಿದ. ಬಿಸೇರಾ ನಗುತ್ತಿದ್ದಳು. "ನೋಡ್ದೆ ಅತ್ತೆ. ಎಲ್ಲಾ ನೋಡ್ದೆ. ನಿಮ್ಮ ಹತ್ರಾನೇ ಬಂದ್ಲು."

ರಾಯ್ನಾಳಿಗೆ ಈ ನಗು ಅರ್ಥವಾಗಲಿಲ್ಲ. ಕುಣಿಸುವುದನ್ನು ನಿಲ್ಲಿಸಿದಳು.

"ನಾಳೆ ಶಿಶುವಿಹಾರಕ್ಕೆ ಬರ್ತೀವಿ ಅಂತ ಹೇಳ್ತೀನಿ," ಎಂದಳು ಬಿಸೇರಾ. "ಪಣ ನಾನೇ ಕಟ್ಟಿದ್ದು, ಸೋತವಳೂ ನಾನೇ, ಈಗ ಮಾತು ತಪ್ಪುತ್ತಿರೋಳೂ ನಾನೇ. ಬೈಯೋದಿದ್ರೆ ಬೈರಿ. ಪ್ರತಿ ಶನಿವಾರ ಕರ್ಕೊಂಡು ಬರ್ತೀನಿ. ಆದ್ರೆ ಹೋಗ್ತೀವಿ."

"ಮಾತು ಕೊಟ್ಟಿದ್ದೆ ನೀನು." ರಾಯ್ನಾಳ ದನಿ ಗಡುಸಾಯಿತು. "ಎಲ್ರ ಎದುರು ಕೊಟ್ಟಿದ್ದೆ. ನನ್ನ ಕೂಸನ್ನ—"

ಅಷ್ಟರಲ್ಲಿ ಅವಳ ತೊಡೆಯ ಮೇಲಿದ್ದ ಕೂಸು ಅಲುಗಾಡುವುದನ್ನು ನಿಲ್ಲಿಸಿತು. ದನಿ ಬದಲಾದದ್ದು ಅದಕ್ಕೆ ತಿಳಿಯಿತು. ಏನಾಯಿತೆಂದು ತಿಳಿಯಲಿಲ್ಲ. ಕತ್ತು ಮೇಲೆತ್ತಿ ಅಜ್ಜಿಯ ಮುಖವನ್ನೇ ನೋಡುತ್ತ ಕಾಯಿತು, ಕೆಳತುಟಿ ಆಗಲೇ ಸ್ವಲ್ಪ ಮುಂದೆ ಬಂದಿತ್ತು.

ರಾಯ್ನಾ ಸೊಸೆಯನ್ನು ನೋಡಿದಳು. ಗಂಡನನ್ನು, ಮಗನನ್ನು, ನನ್ನನ್ನು ನೋಡಿದಳು. ಕೂಸು ಕಾಯುತ್ತಲೇ ಇತ್ತು. ಆಮೇಲೆ ಅವಳು ಕೆಳಗೆ ಬಗ್ಗಿ ಕೂಸಿನ ಕಣ್ಣಲ್ಲಿ ಕಣ್ಣಿಟ್ಟು, ಹಲ್ಲೆಲ್ಲ ಕಾಣುವಂತೆ ನಕ್ಕಳು.

"ಏನಿಲ್ಲ ಪುಟ್ಟಿ," ಎಂದಳು. "ಏನೂ ಇಲ್ಲ. ಅಮ್ಮನ ಜೊತೆ ರೈಲು ಹತ್ತೋದು ಅಷ್ಟೇ."

ಕೂಸು ಆ ಮುಖವನ್ನು ಚೆನ್ನಾಗಿ ನೋಡಿ, ನಂಬಿ, ಮೊಸರಿನ ಬಟ್ಟಲಿಗೆ ಕೈ ಹಾಕಿತು.